ಹಸಿರು ಹಾಗೇ ಇದೆ, ಹಳ್ಳದ ಮೀನು ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಶರಾವತಿ ಕಣಿವೆಯ ಒಂದು ಸಣ್ಣ ಊರು. ಇಪ್ಪತ್ತೈದು ವರ್ಷಗಳ ಹಿಂದೆ ಊರಿನ ಹಳ್ಳದಲ್ಲಿ ಕಲ್ಲಿಗೆ ಅಂಟಿಕೊಳ್ಳುವ ಮೀನು, ಏಡಿ, ಸಿಗಡಿ ಧಾರಾಳವಾಗಿದ್ದವು. ಮುಂಗಾರು ಹಿಡಿದ ಕೂಡಲೇ ಹೊಳೆಯಿಂದ ಹಳ್ಳ ಹತ್ತುವ ಮೀನು, ನಾವು ‘ಹತ್ತುಮೀನು’ ಎನ್ನುವುದು, ಗದ್ದೆಯವರೆಗೆ ಬರುತ್ತಿತ್ತು. ಈಗ ಏನೂ ಇಲ್ಲವೆಂದೇ ಹೇಳಬೇಕು. ಇಲ್ಲಿ ಕಾರ್ಖಾನೆಯಿಲ್ಲ, ಪೇಟೆಯ ಚರಂಡಿಯಿಲ್ಲ, ಸಿಡಿಮದ್ದು ಹಾಕಿ ಮೀನು ಹಿಡಿಯುವವರೂ ಇಲ್ಲ. ಗದ್ದೆಗಳು ತೋಟವಾಗಿವೆ, ಬೆಟ್ಟದಲ್ಲಿ ಅಕೇಶಿಯಾ ಬಂದಿದೆ. ಆದರೆ ಎಲ್ಲಿ ನೋಡಿದರೂ ಹಸಿರೇ. ಹೀಗಿರುವಾಗ ಹಳ್ಳದ ಜೀವಗಳು ಏಕೆ ಹೋದವು? ಪಂಚಾಯಿತಿಯವರನ್ನು ಕೇಳಿ ಮೀನುಮರಿ ಬಿಡಿಸಿದರೆ ಸರಿಹೋದೀತೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ‘ಗದ್ದೆಗಳು ತೋಟವಾಗಿವೆ, ಬೆಟ್ಟದಲ್ಲಿ ಅಕೇಶಿಯಾ ಬಂದಿದೆ’ ಎಂಬುದನ್ನು ನೀವು ಹೋಗುತ್ತಾ ಹೋಗುತ್ತಾ ಹೇಳಿಬಿಟ್ಟಿದ್ದೀರಿ. ಹಳ್ಳದ ಮಟ್ಟಿಗೆ ಅದೇ ಮುಖ್ಯ ಸುದ್ದಿ. ಉಪಗ್ರಹದ ಚಿತ್ರದಲ್ಲಿ ಕಾನು (ದಟ್ಟ ನಿತ್ಯಹರಿದ್ವರ್ಣ ಕಾಡು), ಅಕೇಶಿಯಾ, ಅಡಿಕೆ ತೋಟ ಮೂರೂ ಹಸಿರಾಗಿಯೇ ಕಾಣುತ್ತವೆ. ‘ಅರಣ್ಯ ಹೊದಿಕೆ ಹೆಚ್ಚಾಗಿದೆ’ ಎಂಬ ವರದಿಯೂ ಬರುತ್ತದೆ. ನೀರಿನೊಳಗಿನ ಜೀವಕ್ಕೆ ದಡದ ಬಣ್ಣದಿಂದ ಏನೂ ಆಗಬೇಕಾಗಿಲ್ಲ. ಬೇಸಿಗೆಯಲ್ಲಿ ನೀರು ಎಷ್ಟು ದಿನ ಹರಿಯುತ್ತದೆ, ಅದು ಎಷ್ಟು ಬಿಸಿಯಾಗುತ್ತದೆ, ತಳದಲ್ಲಿ ಕಲ್ಲಿದೆಯೋ ಹೂಳಿದೆಯೋ, ಮೇಲಿನಿಂದ ಏನು ಬೀಳುತ್ತದೆ ಎಂಬುದರ ಮೇಲೆ ಅದರ ಬದುಕು ನಿಂತಿದೆ. ಇಷ್ಟನ್ನೂ ತೀರ್ಮಾನಿಸುವುದು ಸುತ್ತಲಿನ ನೆಲದಲ್ಲಿ ಜನ ಏನು ಬೆಳೆಯುತ್ತಾರೆ, ಹೇಗೆ ಬೆಳೆಯುತ್ತಾರೆ ಎಂಬುದು.

ಕಳೆದುಹೋಗಿರುವುದು ಏನೆಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ‘ಹಳ್ಳದ ಸಣ್ಣ ಮೀನು’ ಎಂದು ನಾವು ಹಗುರವಾಗಿ ಮಾತಾಡುವ ಜೀವಿಗಳು ಜಗತ್ತಿನ ಬೇರೆಲ್ಲೂ ಇಲ್ಲದವು. ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 2011ರಲ್ಲಿ ಪಶ್ಚಿಮ ಘಟ್ಟದ ಸಿಹಿನೀರಿನ ಜೀವಿಗಳ ಮೌಲ್ಯಮಾಪನ ಪ್ರಕಟಿಸಿತು. ಅದರಲ್ಲಿದ್ದ 290 ಮೀನು ಜಾತಿಗಳಲ್ಲಿ 189 ಈ ಘಟ್ಟಕ್ಕೆ ಮಾತ್ರ ಸೀಮಿತವಾದವು. ಸುಮಾರು ಮೂರನೇ ಒಂದು ಭಾಗದಷ್ಟು ಮೀನುಗಳು ಅಳಿವಿನ ಭೀತಿಯಲ್ಲಿದ್ದವು. ನಿಮ್ಮ ಶರಾವತಿಯನ್ನೇ ತೆಗೆದುಕೊಳ್ಳಿ. ಬಟಾಸಿಯೊ ಶರಾವತಿಯೆನ್ಸಿಸ್ ಎಂಬ ಪುಟ್ಟ ಮೀಸೆಮೀನು ವಿಜ್ಞಾನಕ್ಕೆ ಪರಿಚಯವಾದದ್ದು 2004ರಲ್ಲಿ. 2006ರಲ್ಲಿ ಇನ್ನೆರಡು ಹೊಸ ಮೀನುಗಳು ಸಿಕ್ಕವು: ಒಂದಕ್ಕೆ ಶರಾವತಿಯ ಹೆಸರು, ಇನ್ನೊಂದಕ್ಕೆ ನಾಗೋಡಿ ಎಂಬ ಊರಿನ ಹೆಸರು. ಬೆರಳುದ್ದದ, ತಳದ ಕಲ್ಲುಗಳ ನಡುವೆ ಬದುಕುವ ಮೀನುಗಳು ಇವು. ಲಿಂಗನಮಕ್ಕಿ ಅಣೆಕಟ್ಟು ಮುಗಿದು ನಾಲ್ಕು ದಶಕಗಳಾದ ಮೇಲೆ ಇವುಗಳಿಗೆ ಹೆಸರು ಬಂತು. ಹೆಸರು ಬರುವ ಮೊದಲೇ ಹೋದವು ಎಷ್ಟಿರಬಹುದು ಎಂದು ಲೆಕ್ಕ ಹಾಕುವ ದಾರಿಯಿಲ್ಲ.

ಇದೇ ಶರಾವತಿ ಮೇಲ್ಭಾಗದ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ತಂಡವೊಂದು ಮೀನನ್ನೂ ಸುತ್ತಲಿನ ಸಸ್ಯವರ್ಗವನ್ನೂ ಒಟ್ಟಿಗೆ ಇಟ್ಟು ನೋಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿತು. ನಿತ್ಯಹರಿದ್ವರ್ಣ ಕಾಡು ಉಳಿದಿರುವ ಪಶ್ಚಿಮದ ಉಪಕಣಿವೆಗಳಲ್ಲಿ ಹಳ್ಳ ವರ್ಷವಿಡೀ ಹರಿಯುತ್ತಿತ್ತು, ಘಟ್ಟಕ್ಕೇ ಸೀಮಿತವಾದ ಮೀನುಗಳೂ ಅಲ್ಲೇ ಹೆಚ್ಚು ಕಂಡವು. ಬೇಸಾಯ ಮತ್ತು ನೆಡುತೋಪು ಹೆಚ್ಚಿರುವ ಪೂರ್ವದ ಕಡೆ ಅವು ಕಡಿಮೆಯಾದವು. ಅಂದರೆ ನಿಮ್ಮ ಊರಿನ ಅನುಭವ ನಿಮ್ಮೊಬ್ಬರದಲ್ಲ.

ಈಗ ಕಾರಣಗಳಿಗೆ ಬರುತ್ತೇನೆ. ಇವು ಒಂದಕ್ಕೊಂದು ಹೆಣೆದುಕೊಂಡಿವೆ, ಹಾಗಾಗಿ ‘ಇದೊಂದೇ ಕಾರಣ’ ಎಂದು ಬೆರಳು ತೋರಿಸುವವರನ್ನು ನಂಬಬೇಡಿ.

ಊಟದಿಂದ ಶುರುಮಾಡೋಣ. ಕಾಡಿನೊಳಗಿನ ಸಣ್ಣ ಹಳ್ಳಕ್ಕೆ ಬಿಸಿಲು ಬೀಳುವುದು ಕಡಿಮೆ, ಆದ್ದರಿಂದ ಅಲ್ಲಿ ಪಾಚಿ ಬೆಳೆಯುವುದೂ ಕಡಿಮೆ. ಅಲ್ಲಿನ ಆಹಾರ ಬಹುಪಾಲು ನೀರಿನಲ್ಲಿ ಹುಟ್ಟಿದ್ದಲ್ಲ, ಮೇಲಿನಿಂದ ಬಿದ್ದದ್ದು: ತರಗೆಲೆ, ಹೂವು, ಹಣ್ಣು, ಕಡ್ಡಿ, ಕೊಂಬೆಯಿಂದ ಜಾರಿದ ಇರುವೆ, ಹುಳು. ನೀರಿಗೆ ಬಿದ್ದ ಎಲೆಯ ಮೇಲೆ ಮೊದಲು ಶಿಲೀಂಧ್ರ ಹತ್ತುತ್ತದೆ. ಹಾಗೆ ಮೆತ್ತಗಾದ ಎಲೆಯನ್ನು ಕ್ಯಾಡಿಸ್‌ಫ್ಲೈ ಎಂಬ ಕೀಟದ ಮರಿಗಳೂ ಏಡಿಗಳೂ ಹರಿದು ತಿನ್ನುತ್ತವೆ. ಅವು ಬಿಟ್ಟ ಚೂರುಗಳನ್ನು ಸೋಸಿ ತಿನ್ನುವ ಕೀಟಗಳು ಕೆಳಗೆ ಕಾದಿರುತ್ತವೆ. ಅವೆಲ್ಲವನ್ನೂ ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ತಿನ್ನುತ್ತವೆ. ಕಾನಿನಲ್ಲಿ ಹತ್ತಾರು ಜಾತಿಯ ಮರಗಳಿರುವುದರಿಂದ ಒಂದು ಎಲೆ ವಾರಗಳಲ್ಲಿ ಕೊಳೆತರೆ ಇನ್ನೊಂದು ತಿಂಗಳುಗಟ್ಟಲೆ ಉಳಿಯುತ್ತದೆ. ಹಳ್ಳದ ಉಗ್ರಾಣ ಯಾವಾಗಲೂ ಖಾಲಿಯಾಗದು.

ಅಕೇಶಿಯಾ ಬಂದರೆ ಈ ವ್ಯವಸ್ಥೆ ಕೆಡುತ್ತದೆ. ಅದರಲ್ಲಿ ನಾವು ಎಲೆ ಎಂದು ಕರೆಯುವುದು ನಿಜಕ್ಕೂ ಚಪ್ಪಟೆಯಾದ ತೊಟ್ಟು. ತೊಗಲಿನ ಹಾಗೆ ಗಟ್ಟಿ. ಬೇಗ ಕೊಳೆಯುವುದಿಲ್ಲ, ತಿನ್ನುವವರಿಗೆ ರುಚಿಸುವುದೂ ಇಲ್ಲ. ಅಡಿಕೆ ಸೋಗೆ, ಹಾಳೆಗಳಂತೂ ಹಳ್ಳಕ್ಕೆ ತಲುಪುವುದೇ ಅಪರೂಪ. ಅವುಗಳನ್ನು ಆಯ್ದು ಬೇರೆ ಕೆಲಸಕ್ಕೆ ಬಳಸುತ್ತೇವೆ. ಹೀಗೆ ದಡದಲ್ಲಿ ಸಾಲುಸಾಲು ಮರಗಳಿದ್ದರೂ ಹಳ್ಳ ಉಪವಾಸ ಬೀಳಬಹುದು.

ಇಲ್ಲಿ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ, ವಿಷಯ ಹೇಳಲೇಬೇಕು. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಬಾಗಾಯ್ತಿಗೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಇತ್ತು. ನಿಮ್ಮ ಕಡೆಯೂ ಅಂಥದೇ ಪದ್ಧತಿ, ಪ್ರಮಾಣ ಬೇರೆ. ಸೊಪ್ಪು, ದರಕು (ಒಣ ತರಗೆಲೆ) ಬೆಟ್ಟದಿಂದ ತೋಟಕ್ಕೆ ಬರುತ್ತಿತ್ತು, ಮರ ಉಳಿಯುತ್ತಿತ್ತು, ಮಳೆನೀರು ಬೆಟ್ಟದಲ್ಲಿ ಇಂಗಿ ಕಣಿವೆಯ ಒರತೆಯಲ್ಲಿ ಏಳುತ್ತಿತ್ತು. ಹಿಂದಿನವರೆಲ್ಲ ಋಷಿಗಳಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಲಂಗುಲಗಾಮಿಲ್ಲದೆ ಸೊಪ್ಪು ಕಡಿದು ಬೋಳಾದ ಬೆಟ್ಟಗಳು ಹಿಂದೆಯೂ ಇದ್ದವು; 1980ರ ದಶಕದ ನಂತರ ಅಕೇಶಿಯಾ ಅಷ್ಟು ಸುಲಭವಾಗಿ ನುಗ್ಗಿದ್ದು ಅಂಥ ಬೋಳು ಜಾಗಗಳಿಗೇ. ಅಕೇಶಿಯಾ ನೆಟ್ಟ ನೆಲದಲ್ಲಿ ಮಳೆನೀರು ಇಂಗುವುದು ಸವೆದುಹೋದ ಬಯಲಿಗಿಂತ ಸುಧಾರಿಸುತ್ತದೆ, ನಿಜ. ಆದರೆ ಹಳೆಯ ಕಾಡಿನ ಮಟ್ಟ ಮುಟ್ಟುವುದಿಲ್ಲ. ಮೇಲಾಗಿ ವೇಗವಾಗಿ ಬೆಳೆಯುವ ಮರ ಇಂಗಿದ ನೀರಿನಲ್ಲಿ ತನ್ನ ಪಾಲು ಎತ್ತಿಕೊಳ್ಳುತ್ತದೆ.

ಗದ್ದೆ ತೋಟವಾದದ್ದು ಇದಕ್ಕಿಂತ ದೊಡ್ಡ ಬದಲಾವಣೆ ಎಂಬುದು ನನ್ನ ಅಭಿಪ್ರಾಯ, ಆದರೆ ಅದನ್ನು ಯಾರೂ ಪರಿಸರದ ವಿಷಯವೆಂದು ಎಣಿಸುವುದಿಲ್ಲ. ಎರಡೂ ಬೇಸಾಯವೇ, ಎರಡೂ ಹಸಿರೇ. ಕಂದಾಯ ದಾಖಲೆಯಲ್ಲಿ ತರಿ ಹೋಗಿ ಬಾಗಾಯ್ತು ಎಂದಾದರೆ ಮುಗಿಯಿತು. ನೀರಿನ ಕಡೆಯಿಂದ ನೋಡಿದರೆ ಇವೆರಡೂ ತಲೆಕೆಳಗು. ಗದ್ದೆ ಜೂನ್‌ನಿಂದ ನವೆಂಬರ್‌ವರೆಗೆ ನೀರು ಹಿಡಿದು ನಿಲ್ಲಿಸುತ್ತಿತ್ತು, ಬೇಸಿಗೆಯಲ್ಲಿ ನೀರು ಕೇಳುತ್ತಿರಲಿಲ್ಲ. ಅಡಿಕೆಗೆ ಬುಡದಲ್ಲಿ ನೀರು ನಿಲ್ಲಬಾರದು, ಆದ್ದರಿಂದ ಮಳೆಗಾಲದಲ್ಲಿ ಬಸಿಗಾಲುವೆ ತೆಗೆದು ನೀರನ್ನು ಆದಷ್ಟು ಬೇಗ ಹೊರಹಾಕುತ್ತೇವೆ. ಡಿಸೆಂಬರ್ ಕಳೆದ ಮೇಲೆ ಅದೇ ತೋಟಕ್ಕೆ ನೀರು ಬೇಕಾಗುತ್ತದೆ. ಮಳೆಗಾಲದಲ್ಲಿ ಹಳ್ಳಕ್ಕೆ ಪ್ರವಾಹ, ಬೇಸಿಗೆಯಲ್ಲಿ ಬರ.

ಒಂದು ಲೆಕ್ಕ ಮಾಡಿ ನೋಡಿ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540ರಿಂದ 550 ಅಡಿಕೆ ಮರ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂದು ಹಿಡಿದರೆ ಎಕರೆಗೆ ದಿನಕ್ಕೆ ಹತ್ತು ಸಾವಿರ ಲೀಟರ್ ಆಸುಪಾಸು. ಏಪ್ರಿಲ್‌ನಲ್ಲಿ ಒಂದು ಸಣ್ಣ ಹಳ್ಳ ಸೆಕೆಂಡಿಗೆ ಒಂದು ಲೀಟರ್ ಹರಿಯುತ್ತಿದೆ ಎಂದಿಟ್ಟುಕೊಳ್ಳಿ. ಅದು ದಿನಕ್ಕೆ 86,400 ಲೀಟರ್. ಅಂದರೆ ಎಂಟೊಂಬತ್ತು ಎಕರೆ ತೋಟ, ಅದೂ ನೀರು ಉಳಿಸುವ ವಿಧಾನದಲ್ಲೇ, ಆ ಹಳ್ಳವನ್ನು ಪೂರ್ತಿ ಕುಡಿದುಬಿಡಬಲ್ಲದು. ಸ್ಪ್ರಿಂಕ್ಲರ್ ಹಾಕಿದರೆ ಇನ್ನೂ ಕಡಿಮೆ ಎಕರೆ ಸಾಕು. ಮೇಲಿನ ಅಬ್ಬಿಗೇ ಕಪ್ಪು ಪೈಪು ಹಾಕಿ ನೀರು ಇಳಿಸಿಕೊಂಡರೆ ಪಂಪ್‌ಸೆಟ್ಟಿನ ಸದ್ದೂ ಇರುವುದಿಲ್ಲ, ಹಳ್ಳದ ತಲೆಭಾಗವೇ ಒಣಗುತ್ತದೆ. ನೀವು ಕಂಡ ಕಲ್ಲಿಗಂಟುವ ಮೀನು, ಬಹುಶಃ ಗಾರಾ ಅಥವಾ ಅದರ ನೆಂಟ, ಮೈಯ ಕೆಳಭಾಗದಿಂದ ಕಲ್ಲಿಗೆ ಅಂಟಿ ಹರಿವ ನೀರಿನಲ್ಲಿ ಬದುಕಲು ಹೇಳಿ ಮಾಡಿಸಿದ ಜೀವ. ಹರಿವು ನಿಂತು ಗುಂಡಿಗಳಷ್ಟೇ ಉಳಿದರೆ ಅದು ತಾಳುವುದಿಲ್ಲ. ಗಾಳಿ ನುಂಗಿ ಉಸಿರಾಡುವ ಕುಚ್ಚು ಮೀನು ಮಾತ್ರ ಆ ಕೊಳೆತ ಗುಂಡಿಯಲ್ಲೂ ದಿನ ದೂಡೀತು.

ನಿಮ್ಮ ಹತ್ತುಮೀನಿನ ಕಥೆಯೂ ಇಲ್ಲೇ ಇದೆ. ಮುಂಗಾರಿನ ಮೊದಲ ಕೆಂಪು ನೀರು ಇಳಿದಾಗ ಹೊಳೆಯ ಮೀನುಗಳು ಪ್ರವಾಹಕ್ಕೆ ಎದುರಾಗಿ ಹಳ್ಳ ಹತ್ತಿ, ಗದ್ದೆಯ ಅಂಚು ದಾಟಿ, ಒಂದೆರಡು ಗೇಣು ನೀರಿನ ಬಯಲಿಗೆ ಬರುವುದು ಮೊಟ್ಟೆಯಿಡಲು. ನಿಂತ ನೀರು ಬೆಚ್ಚಗಿರುತ್ತದೆ, ಅದರಲ್ಲಿ ಸೂಕ್ಷ್ಮಜೀವಿಗಳು ತುಂಬಿರುತ್ತವೆ, ದೊಡ್ಡ ಮೀನಿನ ಕಾಟ ಇರುವುದಿಲ್ಲ. ಮರಿಗಳು ಅಲ್ಲಿ ಬೆಳೆದು ಕೊಯ್ಲಿಗೆ ಮುಂಚೆ ಗದ್ದೆಯ ನೀರು ಬಿಡುವಾಗ ಹಳ್ಳಕ್ಕೆ ಇಳಿಯುತ್ತಿದ್ದವು. ಕತ್ತಿ ಹಿಡಿದು ಮೀನು ಕಡಿದವರು, ಕೂಣಿ (ಮೀನು ಹಿಡಿಯುವ ಬುಟ್ಟಿ) ಹಾಕಿದವರು ಅವುಗಳನ್ನು ಮುಗಿಸಿದರು ಎಂದು ಊರಿನಲ್ಲಿ ಹೇಳುವವರಿದ್ದಾರೆ. ಮೊಟ್ಟೆ ತುಂಬಿದ ಮೀನನ್ನು ಹಿಡಿದರೆ ನಷ್ಟವೇನೋ ಆಗುತ್ತದೆ. ಆದರೆ ಆ ಬೇಟೆ ತಲೆಮಾರುಗಳಿಂದ ನಡೆದಿದ್ದರೂ ಮೀನು ಬರುತ್ತಲೇ ಇತ್ತು. ಬರುವುದು ನಿಂತಿದ್ದು ಹೋಗಿ ಸೇರಲು ಗದ್ದೆಯೇ ಇಲ್ಲವಾದಾಗ. ಗದ್ದೆ ಬಿಟ್ಟವರನ್ನು ದೂರುವುದು ಸುಲಭ. ಕೂಲಿ, ಕಾಡುಹಂದಿ, ಮಂಗ, ಭತ್ತದ ದರ ಇವನ್ನೆಲ್ಲ ಎದುರಿಸಿ ಗದ್ದೆ ಮಾಡಿ ಎಂದು ಬೆಂಗಳೂರಿನಲ್ಲಿ ಕುಳಿತು ಹೇಳುವ ಧೈರ್ಯ ನನಗಿಲ್ಲ.

ಇನ್ನು ಹೂಳು. ತೋಟ ಮಾಡಲು ಜೆಸಿಬಿ ಹಚ್ಚಿ ಇಳಿಜಾರು ಕತ್ತರಿಸುವುದು, ರಸ್ತೆಗೆ ದರೆ ಕಡಿಯುವುದು, ಗೇಣಿಗೆ ಪಡೆದ ಜಮೀನಿನಲ್ಲಿ ಮಡಿ ಎಬ್ಬಿಸಿ ಶುಂಠಿ ಹಾಕುವುದು, ಇವೆಲ್ಲ ಬಿಡಿ ಮಣ್ಣನ್ನು ಮಳೆಯ ಬಾಯಿಗೆ ಒಡ್ಡುತ್ತವೆ. ಜೂನ್-ಜುಲೈನ ಕೆಂಪು ನೀರು ಸಹಜವಲ್ಲವೇ ಎನ್ನುತ್ತೀರಿ. ಕಾಡಿನ ಹಳ್ಳವೂ ದೊಡ್ಡ ಮಳೆಗೆ ಕದಡುತ್ತದೆ, ಆದರೆ ಬೇಗ ತಿಳಿಯಾಗುತ್ತದೆ. ಕೆಟ್ಟ ಹಳ್ಳದಲ್ಲಿ ನುಣ್ಣನೆಯ ಮಣ್ಣು ಕಲ್ಲುಗಳ ಸಂದಿಯಲ್ಲಿ ಕೂತುಬಿಡುತ್ತದೆ. ಹಳ್ಳದ ಜೀವಗಳು ವಾಸಿಸುವುದು ನೀರಿನಲ್ಲಿ ಎನ್ನುವುದಕ್ಕಿಂತ ಆ ಸಂದಿಗಳಲ್ಲಿ ಎನ್ನುವುದೇ ಸರಿ. ಮೇಫ್ಲೈ, ಸ್ಟೋನ್‌ಫ್ಲೈ ಎಂಬ ಕೀಟಗಳ ಮರಿಗಳು ಕಲ್ಲಿನ ಅಡಿಯಲ್ಲಿರುತ್ತವೆ. ತಳದ ಮೀನು ಸಂದಿಯಲ್ಲಿ ಅಡಗುತ್ತದೆ.

ಕಪ್ಪೆಗಳ ಉದಾಹರಣೆ ಇನ್ನೂ ಸ್ಪಷ್ಟ. ಘಟ್ಟದ ನೆರಳಿನ ತೊರೆಗಳಲ್ಲಿ ಕಾಲು ಚಾಚಿ ಬೀಸಿ ಸಂಗಾತಿಯನ್ನು ಕರೆಯುವ ಕುಣಿಯುವ ಕಪ್ಪೆಗಳಿವೆ. 2014ರಲ್ಲಿ ಒಂದೇ ಬಾರಿಗೆ ಇವುಗಳ 14 ಹೊಸ ಜಾತಿಗಳಿಗೆ ಹೆಸರಿಡಲಾಯಿತು. ಇವುಗಳಲ್ಲಿ ಹೆಣ್ಣು ಹಿಂಗಾಲಿನಿಂದ ತೊರೆಯ ತಳದ ಮರಳು-ಜಲ್ಲಿ ಅಗೆದು ಅಲ್ಲಿ ಮೊಟ್ಟೆ ಹೂಳುತ್ತದೆ. ಗೊದಮೊಟ್ಟೆಗಳು ಬೆಳೆಯುವುದೂ ಆ ಜಲ್ಲಿಯೊಳಗೇ. ಜಲ್ಲಿಯ ನಡುವೆ ನೀರು ಓಡಾಡಿದರೆ ಮಾತ್ರ ಅವಕ್ಕೆ ಉಸಿರು. ನುಣ್ಣನೆ ಮಣ್ಣು ತುಂಬಿದರೆ ಅದೇ ಸಮಾಧಿ. ಅದೇ ವರ್ಷ ಕಪ್ಪೆಗಳ ಸಂಶೋಧಕ ಕೆ. ವಿ. ಗುರುರಾಜ ಮತ್ತು ಸಂಗಡಿಗರು ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಕುಂಬಾರ ಕಪ್ಪೆಯನ್ನು ಪರಿಚಯಿಸಿದರು. ಅದರ ಗಂಡು ತೊರೆಯ ತಳದಿಂದ ಕೈಯಲ್ಲಿ ಕೆಸರು ಎತ್ತಿ, ನೀರಿಗಿಂತ ಮೇಲೆ ಕಡ್ಡಿಗೋ ಬಂಡೆಗೋ ಅಂಟಿಸಿದ ಮೊಟ್ಟೆಗಳಿಗೆ ಬಳಿಯುತ್ತದೆ. ಇಷ್ಟು ನಯವಾದ ಕೆಲಸ ನಡೆಯುವ ತೊರೆಗೆ ಮೇಲಿನಿಂದ ಒಂದು ಲಾರಿ ಲೋಡು ಮಣ್ಣು ಇಳಿದರೆ ಏನಾದೀತೆಂದು ವಿವರಿಸಬೇಕಿಲ್ಲ.

ಹೂಳಿನ ವಿಷಯದಲ್ಲಿ ವಿಸ್ತೀರ್ಣಕ್ಕಿಂತ ಜಾಗ ಮುಖ್ಯ. ಕುದುರೆಮುಖದಲ್ಲಿ ಭದ್ರಾ ನದಿಯ ಹೂಳನ್ನು ಅಳೆದಾಗ ಗೊತ್ತಾದದ್ದು ಇದೇ: ಜಲಾನಯನದ ಬಹಳ ಚಿಕ್ಕ ಭಾಗವಾಗಿದ್ದ ಗಣಿ ಪ್ರದೇಶವೇ ನದಿ ಹೊತ್ತೊಯ್ದ ಹೂಳಿನ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಕಾರಣವಾಗಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿ ಗಣಿಗಾರಿಕೆ ನಿಂತಿತು. ನಿಮ್ಮೂರಿನಲ್ಲಿ ಗಣಿಯಿಲ್ಲ, ಆದರೆ ಹಳ್ಳದ ಅಂಚಿನಲ್ಲೇ ಅರ್ಧ ಎಕರೆ ಬಗೆದ ದರೆ ಇದ್ದರೆ ಗುಡ್ಡದಾಚೆಯ ಹತ್ತು ಎಕರೆಗಿಂತ ಅದೇ ಕೆಟ್ಟದ್ದು.

ದಡದ ಮರ ಹೋದರೆ ನೀರು ಬಿಸಿಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಏರಿದರೆ ಅದು ಏಳೂವರೆಗೆ ಇಳಿಯುತ್ತದೆ. ಬಿಸಿಯಾದ ನೀರಿನಲ್ಲಿ ಜೀವಿಗಳಿಗೆ ಆಮ್ಲಜನಕ ಹೆಚ್ಚು ಬೇಕು, ಸಿಗುವುದು ಮಾತ್ರ ಕಡಿಮೆ. ಜೊತೆಗೆ ಬಿಸಿಲೂ ಗೊಬ್ಬರದ ಅಂಶವೂ ಕೂಡಿದರೆ ಪಾಚಿ ಹಬ್ಬುತ್ತದೆ.

ರಾಸಾಯನಿಕದ ಮಾತಿಗೆ ಬಂದರೆ ಎಲ್ಲರೂ ಕೀಟನಾಶಕ ಎನ್ನುತ್ತಾರೆ. ಮಲೆನಾಡಿನ ಹಳ್ಳದಲ್ಲಿ ನಾನು ಮೊದಲು ಅನುಮಾನಿಸುವುದು ತಾಮ್ರವನ್ನು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣದಲ್ಲಿ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇರುತ್ತದೆ. ನೂರು ವರ್ಷಕ್ಕೂ ಹಳೆಯ, ತೋಟಕ್ಕೆ ಅಗತ್ಯವಾದ ಔಷಧಿ ಅದು. ಅದನ್ನು ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಕೆರೆಯ ಪಾಚಿ, ಬಸವನಹುಳು ಕೊಲ್ಲಲು ಇದೇ ಮೈಲುತುತ್ತ ಬಳಸುತ್ತಾರೆ ಎಂಬುದನ್ನು ನೆನಪಿಡಿ. ತಾಮ್ರದ ವಿಷ ಗಡಸು ನೀರಿಗಿಂತ ಮೆದು ನೀರಿನಲ್ಲಿ ಹೆಚ್ಚು ತಟ್ಟುತ್ತದೆ, ಘಟ್ಟದ ಹಳ್ಳಗಳ ನೀರು ಮೆದುವಾದದ್ದು. ಸಿಂಪಡಣೆಯ ಸಮಯವಂತೂ ಮುಂಗಾರಿನ ಆರಂಭ, ಆಮೇಲೆ ನಲವತ್ತು ದಿನ ಕಳೆದು ಇನ್ನೊಮ್ಮೆ. ಮೀನು ಮೊಟ್ಟೆಯಿಡುವ, ಗೊದಮೊಟ್ಟೆ ಹೊರಬರುವ ಕಾಲವೂ ಅದೇ. ಮರಕ್ಕೆ ಬಿದ್ದ ದ್ರಾವಣಕ್ಕಿಂತ ಹಳ್ಳದ ಪಕ್ಕದಲ್ಲೇ ದ್ರಾವಣ ಕಲಸಿ ಅಲ್ಲೇ ಡ್ರಮ್ಮು, ಪಂಪು ತೊಳೆಯುವುದು ಹೆಚ್ಚು ಹಾನಿ ಮಾಡುತ್ತದೆ. ಕಳೆನಾಶಕವೂ ಹೀಗೆಯೇ: ಗ್ಲೈಫೋಸೇಟ್ ಜೊತೆ ಬೆರೆಸುವ, ಎಲೆಗೆ ಅಂಟಿಸುವ ಪದಾರ್ಥ ಗೊದಮೊಟ್ಟೆಗಳಿಗೆ ಮಾರಕವೆಂದು ಪ್ರಯೋಗಗಳಲ್ಲಿ ಕಂಡಿದೆ, ದಡದ ಹುಲ್ಲು ಸತ್ತರೆ ಮಣ್ಣು ಸಡಿಲವಾಗುವುದು ಇನ್ನೊಂದು ಪೆಟ್ಟು. ಕಾಫಿ ಸೀಮೆಯಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನೀರು ಈ ಪಾತ್ರ ವಹಿಸುತ್ತದೆ. ಕೊಯ್ಲಿನ ಕಾಲಕ್ಕೆ ಹೊಳೆಯ ಹರಿವು ಇಳಿಯುತ್ತಿರುತ್ತದೆ, ಅದೇ ಹೊತ್ತಿಗೆ ಆಮ್ಲಜನಕ ನುಂಗುವ ಸಿಹಿ ತ್ಯಾಜ್ಯ ಬಂದು ಸೇರುತ್ತದೆ.

‘ಏನೂ ಇಲ್ಲ’ ಎಂದು ಬರೆದಿದ್ದೀರಿ. ಒಮ್ಮೆ ಸರಿಯಾಗಿ ನೋಡಿ, ಏಕೆಂದರೆ ಕೆಟ್ಟ ಹಳ್ಳ ಖಾಲಿಯಾಗಿರುವುದು ಅಪರೂಪ. ಮರ ಕಡಿದು ಬಿಸಿಲು ಬಿದ್ದ ಹಳ್ಳದಲ್ಲಿ ಜಾತಿಗಳ ಸಂಖ್ಯೆ ಕೆಲಕಾಲ ಹೆಚ್ಚೂ ಆಗಬಹುದು. ಏರೋಪ್ಲೇನ್ ಚಿಟ್ಟೆಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬಯಲು, ಕೆರೆ, ಗದ್ದೆ ಎಲ್ಲೆಂದರಲ್ಲಿ ಹಾರುವ ಜಾತಿಗಳು ಬಂದು ಸೇರುತ್ತವೆ. ನೆರಳಿನ ತೊರೆ ಬಿಟ್ಟು ಎಲ್ಲಿಯೂ ಬದುಕದ, ದಾರದಂತೆ ಸಪೂರ ಮೈಯ ಪ್ರೊಟೊಸ್ಟಿಕ್ಟಾ ಸದ್ದಿಲ್ಲದೆ ಹೋಗಿರುತ್ತದೆ. ಪಟ್ಟಿ ಉದ್ದವಾಯಿತು, ಆದರೆ ಬಂದವು ಮಂಡ್ಯದಲ್ಲೂ ಸಿಗುವವು, ಹೋದವು ಘಟ್ಟದಲ್ಲಿ ಮಾತ್ರ ಇದ್ದವು. ಮೀನಿನಲ್ಲೂ ಇದೇ ಆಟ. ಆದ್ದರಿಂದ ‘ಎಷ್ಟು ಜಾತಿ’ ಎಂಬ ಸಂಖ್ಯೆಯನ್ನು ಯಾರಾದರೂ ಹೆಮ್ಮೆಯಿಂದ ಮುಂದಿಟ್ಟರೆ ಯಾವ ಜಾತಿ ಎಂದು ಕೇಳಿ. ಇದೇ ರೀತಿ, ಸಿಹಿನೀರಿನ ಪ್ರಾಣಿಗಳಲ್ಲಿ ಶೇ 85ರಷ್ಟು ನಾಶವಾಗಿವೆ ಎಂದು 2024ರಲ್ಲಿ ಪತ್ರಿಕೆಗಳಲ್ಲಿ ಬಂದದ್ದನ್ನು ನೀವು ಓದಿರಬಹುದು. ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ ವರದಿ ಹೇಳಿದ್ದು ಹಾಗಲ್ಲ. ಗಮನದಲ್ಲಿಟ್ಟ ಕಶೇರುಕ ಪ್ರಾಣಿಗಳ ಗುಂಪುಗಳಲ್ಲಿ 1970ರಿಂದ 2020ರವರೆಗೆ ಆದ ಇಳಿಕೆಯ ಸರಾಸರಿ ಅದು. ಮೀನು, ಏಡಿ-ಸಿಗಡಿ, ಏರೋಪ್ಲೇನ್ ಚಿಟ್ಟೆಗಳ ಸುಮಾರು 23,500 ಜಾತಿಗಳನ್ನು ಪರಿಶೀಲಿಸಿ 2025ರ ಆರಂಭದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸುಮಾರು ಕಾಲುಭಾಗ ಅಳಿವಿನ ಅಪಾಯದಲ್ಲಿವೆ. ಗಾಬರಿಗೆ ಅಷ್ಟು ಸಾಕು, ಉತ್ಪ್ರೇಕ್ಷೆ ಬೇಕಿಲ್ಲ.

‘ತೋಟ ಮಾಡಿ ಹದಿನೈದು ವರ್ಷವಾಯಿತು, ಮೀನು ಹೋದದ್ದು ಇತ್ತೀಚೆಗೆ’ ಎಂದು ನಿಮ್ಮೂರಿನವರು ವಾದಿಸಬಹುದು. ಅದು ವಾದವಾಗುವುದಿಲ್ಲ. ನೆಲ ಮಾಡಿದ್ದನ್ನು ನೀರು ತಡವಾಗಿ ತೋರಿಸುತ್ತದೆ. ಅಮೆರಿಕದ ದಕ್ಷಿಣ ಅಪಲಾಚಿಯನ್ ಬೆಟ್ಟಗಳ ತೊರೆಗಳಲ್ಲಿ ನಡೆದ, 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಕ್ಷೇತ್ರದವರಿಗೆಲ್ಲ ಪಾಠವಾಯಿತು. ತೊರೆಯಲ್ಲಿ 1990ರ ದಶಕದಲ್ಲಿ ಕಂಡ ಮೀನು, ಕೀಟಗಳ ವೈವಿಧ್ಯವನ್ನು ಆಗಿನ ಕಾಡಿನ ಪ್ರಮಾಣಕ್ಕಿಂತ 1950ರ ದಶಕದ ಜಮೀನು ಬಳಕೆಯೇ ಚೆನ್ನಾಗಿ ವಿವರಿಸುತ್ತಿತ್ತು. ಕಾಡು ಮರಳಿ ಬೆಳೆದಿತ್ತು, ತೊರೆ ಮರಳಿರಲಿಲ್ಲ. ನಮ್ಮಲ್ಲಿಯೂ ರಾಮಪತ್ರೆ ಜಡ್ಡಿಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ. ವರ್ಷವಿಡೀ ಒದ್ದೆಯಾಗಿರುವ, ಬೇರುಗಳು ಮಂಡಿಯಂತೆ ಮೇಲೆದ್ದ ಈ ಜೌಗು ಕಾಡುಗಳು ಕಣಿವೆಯ ತಗ್ಗಿನಲ್ಲಿದ್ದವು. ಗದ್ದೆಗೂ ತೋಟಕ್ಕೂ ಜನ ಮೊದಲು ಆರಿಸಿಕೊಂಡದ್ದು ಆ ತಗ್ಗನ್ನೇ. ಈಗ ಉತ್ತರ ಕನ್ನಡದಲ್ಲಿ ಉಳಿದಿರುವವು ಚಿಕ್ಕ ಚಿಕ್ಕ ತುಣುಕುಗಳು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ 2000ದಲ್ಲಿ ಗೇರಿನ ಕುಟುಂಬದ ಒಂದು ಹೊಸ ಮರವೇ ಸಿಕ್ಕಿತು, ಅದಕ್ಕೆ ಆ ಕಾನಿನ ಹೆಸರೇ ಬಂತು. ನಾವು ಈಗ ಕೊರಗುವ ಗದ್ದೆಗಳಲ್ಲಿ ಕೆಲವು ಒಂದು ಕಾಲಕ್ಕೆ ಅಂಥ ಜಡ್ಡಿಗಳಾಗಿದ್ದವು.

ಏನು ಮಾಡಬಹುದು? ದಡದಿಂದ ಶುರುಮಾಡಿ, ಅದೂ ಊರ ಮುಂದಿನ ಹಳ್ಳದಿಂದಲ್ಲ, ಮೇಲಿನ ಹೆಸರಿಲ್ಲದ ಕವಲುಗಳಿಂದ. ಕೆಳಗೆ ಎಷ್ಟೇ ಮರ ನೆಟ್ಟರೂ ಮೇಲಿನಿಂದ ಬಿಸಿನೀರು, ಹೂಳು ಬರುತ್ತಿದ್ದರೆ ಪ್ರಯೋಜನ ಕಡಿಮೆ. ಎರಡೂ ದಡದಲ್ಲಿ ಹತ್ತು ಮೀಟರ್ ಕಾಡುಪಟ್ಟಿ ಬಿಟ್ಟರೆ ನೆರಳು, ತರಗೆಲೆ, ದಡದ ಭದ್ರತೆ ಬಹುಮಟ್ಟಿಗೆ ಸಿಗುತ್ತದೆ. ಹೂಳು, ಗೊಬ್ಬರ ತಡೆಯಲು ಮೂವತ್ತು ಮೀಟರ್ ಒಳ್ಳೆಯದು, ಆದರೆ ಮೂರು ಎಕರೆ ತೋಟದವರಿಗೆ ಅದನ್ನು ಉಪದೇಶಿಸುವುದು ನ್ಯಾಯವಲ್ಲ. ನೇರಳೆ, ಹೊಳೆಮತ್ತಿ, ಹೊಂಗೆ, ವಾಟೆ ಬಿದಿರು, ಕೇದಿಗೆ, ಜೌಗಿದ್ದಲ್ಲಿ ರಾಮಪತ್ರೆ ಹಾಕಿ. ಅಪ್ಪೆಮಾವನ್ನು ಮರೆಯಬೇಡಿ. ಅದು ಹುಟ್ಟಾ ಹೊಳೆದಂಡೆಯ ಮರ; ಉಪ್ಪಿನಕಾಯಿ ಮಿಡಿಗೆ ಒಳ್ಳೆಯ ಬೆಲೆಯೂ ಇರುವುದರಿಂದ ದಡ ಬಿಟ್ಟುಕೊಟ್ಟವರಿಗೆ ಕೈಗೆ ನಾಲ್ಕು ಕಾಸು ಸಿಗುತ್ತದೆ. ಮಿಡಿಗಾಗಿ ಕೊಂಬೆಯನ್ನೇ ಕಡಿಯುವವರನ್ನು ಮಾತ್ರ ದೂರವಿಡಿ.

ಬೋರ್ಡೋ ಕಲಸುವ ಜಾಗವನ್ನು ಹಳ್ಳದಿಂದ ದೂರಕ್ಕೆ ಒಯ್ಯುವುದಕ್ಕೆ ಖರ್ಚಿಲ್ಲ. ಜೆಸಿಬಿ ಕೆಲಸವನ್ನು ಮೇ ಕೊನೆಗೆ ಇಟ್ಟುಕೊಳ್ಳಬೇಡಿ. ಡಿಸೆಂಬರ್-ಜನವರಿಯಲ್ಲಿ ಮುಗಿಸಿದರೆ ಮಳೆಗೆ ಮೊದಲು ಮಣ್ಣು ಸ್ವಲ್ಪವಾದರೂ ಕೂಡುತ್ತದೆ. ಬಸಿಗಾಲುವೆ ಹಳ್ಳ ಸೇರುವ ಕಡೆ ಒಂದು ಗುಂಡಿ ತೋಡಿ ಹೂಳು ನಿಲ್ಲಿಸಿ, ಆ ಮಣ್ಣನ್ನು ತೋಟಕ್ಕೇ ವಾಪಸು ಹಾಕಿ. ಬೇಸಿಗೆಯಲ್ಲಿ ಎಲ್ಲರೂ ಒಂದೇ ದಿನ ನೀರು ಎತ್ತದೆ ಸರದಿ ಮಾಡಿಕೊಂಡರೆ ಹಳ್ಳ ಪೂರ್ತಿ ನಿಲ್ಲುವುದಿಲ್ಲ. ಹೇಳುವಷ್ಟು ಸುಲಭವಲ್ಲ ಎಂದು ಗೊತ್ತು, ಆದರೆ ಕಾಲುವೆ ನೀರಿಗೆ ಸರದಿ ನಡೆಸಿದ ಊರುಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ.

ಫಲ ಸಿಗುತ್ತಿದೆಯೇ ಎಂದು ನೀವೇ ನೋಡಬಹುದು, ಪ್ರಯೋಗಾಲಯ ಬೇಡ. ಪ್ರತಿ ಜನವರಿಯಲ್ಲಿ ಅದೇ ನಾಲ್ಕೈದು ಜಾಗಗಳಲ್ಲಿ ಅಂಗೈಗಿಂತ ದೊಡ್ಡ ಕಲ್ಲುಗಳನ್ನು ಎತ್ತಿ ನೋಡಿ. ಕಲ್ಲು ಎಷ್ಟು ಹೂಳಿನಲ್ಲಿ ಹೂತಿದೆ, ಅಡಿಯಲ್ಲಿ ಏನಿದೆ ಎಂದು ಬರೆದಿಡಿ. ಮೂರು ಬಾಲದೆಳೆಯ ಚಪ್ಪಟೆ ಮರಿ ಮೇಫ್ಲೈಯದು. ಎರಡೇ ಬಾಲದೆಳೆ, ಕಾಲ ತುದಿಯಲ್ಲಿ ಎರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಮರಳಿನ ಅಥವಾ ಎಲೆಚೂರಿನ ಗೂಡು ಕಟ್ಟಿಕೊಂಡದ್ದು ಕ್ಯಾಡಿಸ್‌ಫ್ಲೈ. ಈ ಮೂರೂ ಸಿಕ್ಕರೆ ಹಳ್ಳ ಬದುಕಿದೆ. ಕೆಂಪು ದಾರದಂಥ ಹುಳು ಮಾತ್ರ ಸಿಕ್ಕರೆ ಕೆಲಸ ಬಾಕಿಯಿದೆ. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಡಿ. ಕೀಟಗಳು ರೆಕ್ಕೆ ಬಂದ ಮೇಲೆ ಹಾರಿ ಬರುತ್ತವೆ, ಹತ್ತಿರದಲ್ಲಿ ಒಳ್ಳೆಯ ತೊರೆ ಉಳಿದಿದ್ದರೆ ಕೆಲವೇ ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತವೆ. ಏಡಿ ನಿಧಾನ. ಸಿಹಿನೀರಿನ ಏಡಿಯ ಮರಿಗಳು ನೀರಿನಲ್ಲಿ ತೇಲಿ ಊರೂರು ಸುತ್ತುವುದಿಲ್ಲ. ತಾಯಿಯ ಹೊಟ್ಟೆಯಡಿಯಿಂದ ಪುಟ್ಟ ಏಡಿಗಳಾಗಿಯೇ ಇಳಿದು ಅಲ್ಲೇ ಆಸುಪಾಸಿನಲ್ಲಿ ಬೆಳೆಯುತ್ತವೆ.

ಕೊನೆಯದಾಗಿ ಮೀನುಮರಿ. ಬೇಡ. ಪಂಚಾಯಿತಿಗೆ ಸಿಗುವುದು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಇವು ಕೆರೆಗೆ ಬಿಡುವ ಸಾಕು ಮೀನುಗಳು, ನಿಮ್ಮ ಹಳ್ಳಕ್ಕೆ ಸಂಬಂಧವಿಲ್ಲದವು. ಸಂಬಂಧವಿದ್ದಂತೆ ಕಾಣುವ ಮೀನು ಬಿಟ್ಟರೂ ಅಪಾಯ ತಪ್ಪಿದ್ದಲ್ಲ. ಕಾವೇರಿಯಲ್ಲಿ ಮಹಶೀರ್ ಎಂಬ ದೊಡ್ಡ ಮೀನನ್ನು ಹೆಚ್ಚಿಸುವ ಸದುದ್ದೇಶದಿಂದಲೇ ಹೊರಗಿನ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ದಶಕಗಳ ಕಾಲ ಬಿಡಲಾಯಿತು. ಆ ನದಿಗೇ ಸೇರಿದ ಗೂನುಬೆನ್ನಿನ ಮಹಶೀರ್ ಅಷ್ಟರಲ್ಲಿ ಕುಸಿದಿತ್ತು. ಅದಕ್ಕೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ, ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಪಟ್ಟಿಯನ್ನೂ ಸೇರಿತು. ನಿಮ್ಮ ಹಳ್ಳ ಕೆಳಗೆ ಹೊಳೆಗೆ ಕೂಡಿಕೊಂಡಿದ್ದರೆ ಮೀನು ತಾನಾಗಿ ಹತ್ತಿ ಬರುತ್ತದೆ, ದಾರಿ ಇರಬೇಕಷ್ಟೆ. ಹಿಂದಿನ ಕಲ್ಲು-ಮಣ್ಣಿನ ಕಟ್ಟ ಮಳೆಗಾಲಕ್ಕೆ ಕೊಚ್ಚಿಹೋಗಿ ದಾರಿ ಬಿಡುತ್ತಿತ್ತು. ಕಾಂಕ್ರೀಟಿನ ಚೆಕ್‌ಡ್ಯಾಮ್ ಬಿಡುವುದಿಲ್ಲ. ರಸ್ತೆ ಹಳ್ಳ ದಾಟುವ ಕಡೆ ಮೋರಿಯ ಪೈಪು ಕೆಳಬದಿಯಲ್ಲಿ ಒಂದೆರಡು ಅಡಿ ಎತ್ತರದಿಂದ ನೀರು ಧುಮುಕಿಸುತ್ತಿದೆಯೇ ನೋಡಿ. ಬೆರಳುದ್ದದ ಮೀನಿಗೆ ಅದು ಜೋಗ ಜಲಪಾತ. ಪಂಚಾಯಿತಿಯ ಹಣವನ್ನು ಮೀನುಮರಿಯ ಬದಲು ಅದಕ್ಕೆ ಹಾಕಿಸಿ. ಪೈಪಿನ ಬಾಯಿಯವರೆಗೆ ಕಲ್ಲು ಪೇರಿಸಿ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವಂತೆ ಮಾಡಿದರೂ ಸಾಕು, ಮೇ ಮುಗಿಯುವುದರೊಳಗೆ ಆಗಬೇಕು.